ವದ್ದು ಎಂದರೆ ಬಿಡಬೇಡ

ಬ್ರೇಕಿನ ಕೆಲಸ ಇಬ್ಬರ ಕೆಲಸ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಶೆಡ್ಡಿಗೆ ಬರುವ ಹೊಸಬರಿಗೆ ಇದು ಗೊತ್ತಿಲ್ಲ. ಅವರ ಹತ್ತಿರ ಗಾಳಿ ಎಳೆಯುವ ಪಂಪಿದೆ, ಕಂಪ್ಯೂಟರಿದೆ, ಒಬ್ಬರೇ ನಿಂತು ನಾಲ್ಕು ಚಕ್ರ ಮುಗಿಸಿ ಟೀ ಕುಡಿಯಲು ಹೋಗುತ್ತಾರೆ. ನಮ್ಮ ಕಾಲದಲ್ಲಿ ಒಬ್ಬ ಚಕ್ರದ ಹತ್ತಿರ ಮಲಗಬೇಕಿತ್ತು, ಇನ್ನೊಬ್ಬ ಡ್ರೈವರ್ ಸೀಟಿನಲ್ಲಿ ಕೂತು ಪೆಡಲ್ ಒತ್ತಬೇಕಿತ್ತು. ಕೆಳಗಿದ್ದವನಿಗೆ ಪೆಡಲ್ ಕಾಣುವುದಿಲ್ಲ, ಮೇಲಿದ್ದವನಿಗೆ ಚಕ್ರ ಕಾಣುವುದಿಲ್ಲ. ಇಬ್ಬರ ನಡುವೆ ಇರುವುದು ಬರೀ ಮಾತು.

ನನ್ನ ಹೆಸರು ರುದ್ರಪ್ಪ. ಹಿಂದೂಪುರದ ಒಂದು ಖಾಸಗಿ ಬಸ್ ಕಂಪನಿಯ ಶೆಡ್ಡಿನಲ್ಲಿ ಮೂವತ್ತಾರು ವರ್ಷ ಬ್ರೇಕ್ ಕೆಲಸ ಮಾಡಿ ಮನೆಗೆ ಬಂದವನು. ನಮ್ಮಪ್ಪನದು ಬೆಲ್ಲದ ಮಂಡಿ. ಹಣೆ ತುಂಬ ವಿಭೂತಿ ಬಳಿದುಕೊಂಡು ಬಸ್ಸಿನ ಕೆಳಗೆ ನುಗ್ಗುತ್ತಾನೆ ಎಂದು ನೆಂಟರು ಆಡಿಕೊಂಡರು. ಆಡಿಕೊಳ್ಳಲಿ. ನಾನು ಯಾವಾಗ ಹೆಲ್ಪರ್ ಆದೆ, ಯಾವಾಗ ಇನ್‌ಚಾರ್ಜ್ ಆದೆ ಎಂಬುದನ್ನೆಲ್ಲ ಬರೆದು ನಿಮ್ಮ ತಲೆ ತಿನ್ನುವುದಿಲ್ಲ. ಬರೆಯಬೇಕಾದ್ದು ನನ್ನ ಹೊಟ್ಟೆಕಿಚ್ಚಿನ ವಿಷಯ. ಅದನ್ನು ಬಿಟ್ಟು ನನ್ನ ಕೆಲಸದ ಕಥೆ ಹೇಳಿದರೆ ಸುಳ್ಳು ಹೇಳಿದಂತಾಗುತ್ತದೆ.

ನಮಗೆ ಕೆಲಸ ಕಲಿಸಿದವರು ಇಮಾಂ ಮೇಸ್ತ್ರಿ. ಅವರಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು, ಆದರೆ ಶೆಡ್ಡಿನೊಳಗೆ ತೆಲುಗೇ ಆಗಬೇಕು. ಪೆಡಲ್ ಮೇಲೆ ಕೂತವನಿಗೆ ಮೂರೇ ಮಾತು. ‘ಒತ್ತು’ ಅಂದರೆ ಒತ್ತು, ಅದು ಎರಡು ಭಾಷೆಗೂ ಒಂದೇ. ‘ಪಟ್ಟು’ ಅಂದರೆ ಒತ್ತಿ ಹಿಡಿದುಕೋ. ‘ವದುಲು’ ಅಂದರೆ ಕಾಲು ಬಿಡು. ಕೆಳಗಿದ್ದವನು ‘ಪಟ್ಟು’ ಎಂದು ಕೂಗಿ ಚಕ್ರದ ಹಿಂದಿರುವ ಸಣ್ಣ ನಿಪ್ಪಲ್ಲನ್ನು, ಗಾಳಿ ಹೊರಬಿಡುವ ತಿರುಪನ್ನು, ಸಡಿಲಿಸುತ್ತಾನೆ. ಗಾಳಿ ಬೆರೆತ ಬ್ರೇಕ್ ಆಯಿಲ್ ಟ್ಯೂಬಿನಲ್ಲಿ ಬುರುಬುರು ಎಂದು ಬಾಟಲಿಗೆ ಬೀಳುತ್ತದೆ. ಪೆಡಲ್ ತಳ ಮುಟ್ಟುತ್ತದೆ. ನಿಪ್ಪಲ್ ಮತ್ತೆ ಬಿಗಿಯಾಗುವ ತನಕ ಮೇಲಿದ್ದವನು ಕಾಲು ತೆಗೆಯಬಾರದು. ತೆಗೆದರೆ ಹೊರಗಿನ ಗಾಳಿ ವಾಪಸ್ ಒಳಕ್ಕೆ ಹೋಗಿ ಮಾಡಿದ ಕೆಲಸವೆಲ್ಲ ದಂಡ. ಗಾಳಿ ಹಿಡಿದ ಬ್ರೇಕ್ ಬೇಕಾದಾಗ ಹಿಡಿಯುವುದಿಲ್ಲ, ಅಷ್ಟೇ. ಅದಕ್ಕಿಂತ ದೊಡ್ಡ ಪಾಠ ಈ ಕೆಲಸದಲ್ಲಿ ಇಲ್ಲ.

ನನ್ನ ಜೊತೆಗೇ ಕೆಲಸಕ್ಕೆ ಸೇರಿದವನು ಓಬಳೇಶು, ಕಲ್ಯಾಣದುರ್ಗದ ಕಡೆಯವನು. ನನಗಿಂತ ಎರಡು ವರ್ಷ ಚಿಕ್ಕವನು, ಬಡಕಲು ಮನುಷ್ಯ. ಬಸ್ಸಿನ ಕೆಳಗೆ ಹಲ್ಲಿ ಹೋದಂತೆ ಹೋಗುತ್ತಿದ್ದ. ಅವನಿಗೆ ಒಂದು ಗುಣ ಇತ್ತು, ಅದು ಕಲಿತು ಬರುವಂಥದ್ದಲ್ಲ. ಪೆಡಲನ್ನು ಒಂದೇ ಸಲ, ಬರೀ ಕೈಯಲ್ಲಿ ಅದುಮಿ, ‘ಹಿಂದ್ಲ ಎಡಗಡೆ ಗಾಳಿ ಐತೆ’ ಅನ್ನುತ್ತಿದ್ದ. ಹೋಗಿ ನೋಡಿದರೆ ಅಲ್ಲೇ ಇರುತ್ತಿತ್ತು. ನಾನು ಎಂಟು ಸಲ ಒತ್ತಿ, ಮುಖ ಗಂಟು ಹಾಕಿಕೊಂಡು, ನಾಲ್ಕೂ ಚಕ್ರ ಬಿಚ್ಚಿ ಹುಡುಕುತ್ತಿದ್ದೆ. ಇಮಾಂ ಮೇಸ್ತ್ರಿ ಎಲ್ಲರ ಎದುರಿಗೆ, ‘ವಾಡಿದಿ ಬಂಗಾರು ಚೆಯ್ಯಿ ರಾ’ ಎಂದು ಅವನ ಕೈಯನ್ನು ಹೊಗಳುತ್ತಿದ್ದರು. ನನ್ನ ಕೈಯನ್ನು ಯಾರೂ ಬಂಗಾರ ಎನ್ನಲಿಲ್ಲ. ಒಂದು ಸಲ ಮೇಸ್ತ್ರಿ ನನ್ನ ಕೆಲಸ ನೋಡಿ ‘ಪರವಾಲೇದು’ ಎಂದರು. ಪರವಾಗಿಲ್ಲ. ಆ ಒಂದು ಮಾತನ್ನು ಮನೆಗೆ ತಂದು ಊಟ ಬಿಟ್ಟು ಕೂತಿದ್ದೆ.

ನನ್ನ ಒಂದು ದಡ್ಡತನವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಹೊಸಬರಿಗೆ ಉಪಯೋಗವಾಗಲಿ. ವೀಲ್ ಸಿಲಿಂಡರಿನ ರಬ್ಬರ್ ವಾಶರುಗಳು ಬೇಗ ಶುಚಿಯಾಗಲಿ ಎಂದು ನಾನು ಅವನ್ನು ಪೆಟ್ರೋಲಿನಲ್ಲಿ ತೊಳೆದೆ. ಓಬಳೇಶು ಬ್ರೇಕ್ ಆಯಿಲಿನಲ್ಲೇ ತೊಳೆಯುತ್ತಿದ್ದ, ಅದಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಅವನಿಗಿಂತ ಬೇಗ ಮುಗಿಸಿದೆ ಎಂದು ಎದೆ ಉಬ್ಬಿಸಿ ಓಡಾಡಿದೆ. ಎರಡು ದಿನಕ್ಕೆ ರಬ್ಬರು ನೆನೆದ ಕಡಲೆಯಂತೆ ಊದಿಕೊಂಡು ಬ್ರೇಕ್ ಹಿಡಿದದ್ದು ಬಿಡಲೇ ಇಲ್ಲ. ಲೇಪಾಕ್ಷಿ ರಸ್ತೆಯಲ್ಲಿ ಬಸ್ಸು ಹೊಗೆ ಬಿಡುತ್ತ ನಿಂತಿತು. ಮೇಸ್ತ್ರಿ ನನಗೆ ಬೈಯಲಿಲ್ಲ. ‘ಪೋಯಿ ಓಬಳೇಶು ದಗ್ಗರ ನೇರ್ಚುಕೋ’ ಎಂದರು. ಓಬಳೇಶುವಿನ ಹತ್ತಿರ ಹೋಗಿ ಕಲಿತುಕೋ. ಕೆನ್ನೆಗೆ ಎರಡು ಬಾರಿಸಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಆ ವರ್ಷ ಮೇಸ್ತ್ರಿಯ ಕಣ್ಣು ಮಂಜಾಗತೊಡಗಿತು. ಬ್ರೇಕ್ ಸೆಕ್ಷನ್ನನ್ನು ನಮ್ಮಿಬ್ಬರಲ್ಲಿ ಒಬ್ಬನಿಗೆ ಒಪ್ಪಿಸಬೇಕಿತ್ತು. ಯಾರಿಗೆ ಎಂಬುದು ಶೆಡ್ಡಿನ ನಾಯಿಗೂ ಗೊತ್ತಿತ್ತು.

ಒಂದು ಮಧ್ಯಾಹ್ನ ಪೆನುಕೊಂಡಕ್ಕೆ ಹೋಗುವ ಸಣ್ಣ ಬಸ್ಸು ಅರ್ಧ ಗಂಟೆಯಲ್ಲಿ ಹೊರಡಬೇಕು. ಓಬಳೇಶು ಕೆಳಗೆ, ನಾನು ಪೆಡಲ್ ಮೇಲೆ. ಮೂರು ಚಕ್ರ ಮುಗಿದಿತ್ತು. ಕೊನೆಯ ಚಕ್ರದಲ್ಲಿ ‘ಪಟ್ಟು’ ಎಂದ, ನಾನು ಒತ್ತಿ ಹಿಡಿದೆ. ಅವನು ನಿಪ್ಪಲ್ ಸಡಿಲಿಸಿದಾಗ ಟ್ಯೂಬು ಕಳಚಿಕೊಂಡು ಆಯಿಲೆಲ್ಲ ಅವನ ಕಣ್ಣಿಗೆ ಹಾರಿತು. ಕಣ್ಣು ಮುಚ್ಚಿಕೊಂಡೇ ಪಾನಾ ಹುಡುಕುತ್ತ ಅವನು ಕೂಗಿದ, ‘ವದ್ದು, ವದ್ದು.’

ತೆಲುಗಿನಲ್ಲಿ ವದ್ದು ಎಂದರೆ ಬೇಡ. ಬಿಡಬೇಡ ಎಂದು ಅವನು ಹೇಳಿದ್ದು. ಆ ಶೆಡ್ಡಿನಲ್ಲಿ ಪಕ್ಕದ ಬಸ್ಸಿನ ಇಂಜಿನ್ ಗುಡುಗುಡು ಅನ್ನುವಾಗ ವದ್ದು ಎಂಬುದು ವದುಲು ಎಂದು ಕೇಳಿಸುವುದು ಏನೂ ಆಶ್ಚರ್ಯವಲ್ಲ. ಮನೆಯಲ್ಲಿ ಕನ್ನಡ ಆಡಿ ಶೆಡ್ಡಿನಲ್ಲಿ ತೆಲುಗು ಆಡುವ ನಮ್ಮಂಥವರಿಗೆ ಇನ್ನೂ ಸುಲಭ.

ನಾನು ಕಾಲು ಎತ್ತಿದೆ. ಎತ್ತಿ, ಮತ್ತೆ ಒತ್ತಿದೆ. ಅವನು ತಡಕಾಡಿ ನಿಪ್ಪಲ್ ಬಿಗಿ ಮಾಡಿ, ಹೊರಗೆ ಬಂದು ನಲ್ಲಿಗೆ ಓಡಿದ, ಕಣ್ಣು ತೊಳೆಯಲು. ಅಷ್ಟರಲ್ಲಿ ಡ್ರೈವರ್ ಹತ್ತಿದ. ಪಟಪಟ ನಾಲ್ಕು ಸಲ ಪೆಡಲ್ ತುಳಿದು ‘ಗಟ್ಟಿ ಐತೆ’ ಎಂದು ಬಸ್ಸು ತೆಗೆದೇಬಿಟ್ಟ. ಹೊಸಬರು ಇದನ್ನು ಬರೆದಿಟ್ಟುಕೊಳ್ಳಿ: ಪಟಪಟ ತುಳಿದು ನೋಡಿದರೆ ಗಾಳಿ ಹಿಡಿದ ಬ್ರೇಕೂ ಗಟ್ಟಿಯಾಗೇ ಇರುತ್ತದೆ. ಒಂದೇ ಸಲ, ನಿಧಾನವಾಗಿ ಒತ್ತಿ ನೋಡಬೇಕು.

ಬಸ್ಸು ಪೆನುಕೊಂಡದ ಇಳಿಜಾರಿನಲ್ಲಿ ನಿಲ್ಲದೆ ಹೋಗಿ, ರಸ್ತೆ ರಿಪೇರಿಗೆ ಸುರಿದಿದ್ದ ಮರಳಿನ ರಾಶಿಗೆ ಹೊಕ್ಕು ನಿಂತಿತು. ಡ್ರೈವರಿಗೆ ಮೊಣಕೈ ತರಚಿತು. ಒಬ್ಬ ಅಜ್ಜಿಯ ಮೆಣಸಿನಕಾಯಿ ಮೂಟೆ ಬಿಚ್ಚಿಕೊಂಡು ಬಸ್ಸಿನವರೆಲ್ಲ ಸೀನಿದರು. ಹೆಚ್ಚಿನದೇನೂ ಆಗಲಿಲ್ಲ. ಮರಳು ಇರದಿದ್ದರೆ ಎಂಬುದನ್ನು ನಾನು ಇವತ್ತಿಗೂ ಪೂರ್ತಿಯಾಗಿ ಯೋಚಿಸಿಲ್ಲ, ಯೋಚಿಸಲು ಧೈರ್ಯ ಇಲ್ಲ.

ಮಾರನೆಯ ದಿನ ಯಜಮಾನರು ನಮ್ಮಿಬ್ಬರನ್ನೂ ನಿಲ್ಲಿಸಿ ಕೇಳಿದರು. ನಾನು ಹೇಳಿದೆ, ‘ವದುಲು ಅಂದಂಗೆ ಕೇಳುಸ್ತು ಬುದ್ದಿ, ಬುಟ್ಬುಟ್ಟೆ.’

ಯಜಮಾನರು ಓಬಳೇಶು ಕಡೆ ತಿರುಗಿದರು. ಅವನ ಕಣ್ಣು ಇನ್ನೂ ಕೆಂಪಗಿತ್ತು. ನನ್ನನ್ನು ಒಂದು ಗಳಿಗೆ ನೋಡಿದ. ಆಮೇಲೆ, ‘ನಾನೇ ಬಿಡುಸಿ ಕೂಗ್ಬೇಕಿತ್ತು. ನಂದೇ ತಪ್ಪು’ ಎಂದ.

ಕೆಳಗಿದ್ದವನೇ ಜವಾಬ್ದಾರ ಎಂಬುದು ಶೆಡ್ಡಿನ ಕಾನೂನು. ಕಂಪನಿಯ ಸಣ್ಣ ಶೆಡ್ಡೊಂದು ಕಲ್ಯಾಣದುರ್ಗದಲ್ಲಿತ್ತು, ಎರಡು ಬಸ್ಸು, ಒಂದು ತಗಡಿನ ಚಪ್ಪರ. ಓಬಳೇಶುವನ್ನು ಅಲ್ಲಿಗೆ ಹಾಕಿದರು. ಬ್ರೇಕ್ ಸೆಕ್ಷನ್ ನನ್ನ ಕೈಗೆ ಬಂತು.

ಈಗ ಕೇಳಿ. ಅವನು ವದ್ದು ಎಂದದ್ದು ನನಗೆ ಸರಿಯಾಗಿಯೇ ಕೇಳಿಸಿತ್ತು. ಪಕ್ಕದ ಇಂಜಿನ್ ಆಗ ಆಫ್ ಆಗಿತ್ತು. ಕೇಳಿಸಿಕೊಂಡೇ ಕಾಲು ಎತ್ತಿದೆ. ಬಸ್ಸು ಹೊರಡುವ ಮೊದಲೇ ಪೆಡಲ್ ಮೆತ್ತಗಿರುವುದು ಕಾಣುತ್ತದೆ, ಮೇಸ್ತ್ರಿ ಎದುರಿಗೆ ಅವನಿಗೆ ಒಂದು ಸಲ ಮುಖಭಂಗ ಆಗಲಿ, ಇನ್ನೊಂದು ಸಲ ಮಾಡಲಿ, ಎಂದು ಅಂದುಕೊಂಡಿದ್ದೆ. ಬಸ್ಸು ಹಾಗೇ ಹೊರಟುಹೋಗುತ್ತದೆ ಎಂದು ಎಣಿಸಿರಲಿಲ್ಲ. ಆದರೆ ಅದು ಗೇಟು ದಾಟುವಾಗ ನಿಲ್ಲಿಸಿ ಎಂದು ಕೂಗಬಹುದಿತ್ತು. ಬಾಯಿ ಇತ್ತು, ಕೂಗಲಿಲ್ಲ.

ಅವತ್ತಿನಿಂದ ನನ್ನನ್ನು ಕೊರೆದದ್ದು ಒಂದೇ ಪ್ರಶ್ನೆ. ಇದು ಓಬಳೇಶುವಿಗೆ ಗೊತ್ತೋ, ಇಲ್ಲವೋ.

ಗೊತ್ತಿದ್ದವನ ಹಾಗೆ ಅವನು ಯಾವತ್ತೂ ನಡೆದುಕೊಳ್ಳಲಿಲ್ಲ. ನನ್ನ ಮದುವೆಗೆ ಬಂದು ಬಡಿಸಿದ. ಸಿಕ್ಕಾಗಲೆಲ್ಲ ‘ಅಣ್ಣಾ’ ಎಂದೇ ಮಾತಾಡಿಸಿದ. ಆ ವದ್ದು-ವದುಲು ಕಥೆ ಎರಡು ಶೆಡ್ಡಿನಲ್ಲೂ ತಮಾಷೆಯ ಕಥೆಯಾಗಿ ನಿಂತಿತು. ಅದನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದವನು ಅವನೇ. ‘ನಾನು ವದ್ದು ಅಂತೀನಿ, ನಮ್ಮಣ್ಣ ವದುಲು ಅನ್ಕಂತಾನೆ, ಅಜ್ಜಿ ಮೆಣಸಿನ್ಕಾಯಿ ಪೆನುಕೊಂಡ ಪೂರ್ತಿ ಹಂಚ್ಬುಡ್ತು’ ಎನ್ನುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು. ನಾನೂ ನಗುತ್ತ ಅವನ ಮುಖವನ್ನೇ ನೋಡುತ್ತಿದ್ದೆ. ಅಲ್ಲಿ ಏನೂ ಸಿಗುತ್ತಿರಲಿಲ್ಲ.

ಸೆಕ್ಷನ್ ಸಿಕ್ಕಮೇಲೆ ಹೊಟ್ಟೆಕಿಚ್ಚು ಆರುತ್ತದೆ ಎಂದುಕೊಂಡಿದ್ದೆ. ಇಮ್ಮಡಿಯಾಯಿತು. ಕಲ್ಯಾಣದುರ್ಗದ ಬಸ್ಸು ನಮ್ಮ ಶೆಡ್ಡಿಗೆ ಬಂದಾಗ ಯಾರೂ ಇಲ್ಲದ ಹೊತ್ತು ನೋಡಿ ಹತ್ತಿ ಪೆಡಲ್ ಒತ್ತುತ್ತಿದ್ದೆ, ಒಂದಾದರೂ ತಪ್ಪು ಸಿಗಲಿ ಎಂದು. ಪೆಡಲ್ ಅರ್ಧಕ್ಕೆ ಬಂದು ನಿಂತುಬಿಡುತ್ತಿತ್ತು, ಮನೆ ಹೊಸಿಲು ತುಳಿದ ಹಾಗೆ. ನಮ್ಮ ಡ್ರೈವರುಗಳು ನನ್ನ ಮುಂದೆ ಏನೂ ಅನ್ನದೆ, ಕಲ್ಯಾಣದುರ್ಗಕ್ಕೆ ಟ್ರಿಪ್ ಹೋದಾಗ ‘ಓಬಳೇಶಣ್ಣ, ಬ್ರೇಕು ಒಸಿ ನೋಡು’ ಎಂದು ಹೇಳಿ ಸರಿ ಮಾಡಿಸಿಕೊಂಡು ಬರುತ್ತಿದ್ದರು. ನನಗೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದರು. ನಾನು ಮಾಡಿದ ಕೆಲಸ ಯಾವುದು, ನನ್ನದಲ್ಲದ್ದು ಯಾವುದು ಎಂದು ನನಗೆ ಗೊತ್ತಾಗುವುದಿಲ್ಲವೇ.

ಕಾಲ ಬದಲಾಯಿತು. ದೊಡ್ಡ ಬಸ್ಸುಗಳಿಗೆ ಏರ್ ಬ್ರೇಕ್ ಬಂತು, ಅಲ್ಲಿ ಗಾಳಿಯೇ ಕೆಲಸ ಮಾಡುವುದು. ಅಷ್ಟು ವರ್ಷ ಗಾಳಿಯನ್ನು ಓಡಿಸಿ ಓಡಿಸಿ ಕೊನೆಗೆ ಅದನ್ನೇ ತುಂಬುವುದನ್ನು ಕಲಿತೆವು. ಪೆನುಕೊಂಡದ ಹತ್ತಿರ ಕಾರ್ ಕಾರ್ಖಾನೆ ಬಂದಮೇಲೆ ನಮ್ಮ ಬೀದಿಯ ಹುಡುಗಿಯೊಬ್ಬಳು ಅಲ್ಲಿ ಕೆಲಸಕ್ಕೆ ಸೇರಿದಳು. ಯಂತ್ರವೇ ಪೈಪಿನ ಗಾಳಿ ಹೀರಿ ಆಯಿಲ್ ತುಂಬುತ್ತದೆ ತಾತಾ, ಯಾರೂ ಕೂಗುವುದೇ ಇಲ್ಲ ಎಂದಳು. ಅವಳ ಮೇಲೂ ನನಗೆ ಸ್ವಲ್ಪ ಹೊಟ್ಟೆ ಉರಿಯಿತು. ಕೂಗುವವನು ಬೇಡ, ಕೇಳಿಸಿಕೊಳ್ಳುವವನು ಬೇಡ, ಎಂಥ ನೆಮ್ಮದಿ.

ಈಗ ಹೋದ ವರ್ಷದ ಕಥೆಗೆ ಬರುತ್ತೇನೆ. ಹುಣಸೆಹಣ್ಣಿನ ಮಂಡಿಯ ಮಂಜುನಾಥ ನಮ್ಮ ನೆಂಟರ ಪೈಕಿ. ಅವನಿಗೆ ಹಳೇ ಕಾರುಗಳ ಹುಚ್ಚು. ಎಲ್ಲಿಂದಲೋ ಒಂದು ಕೆಂಪು ಸ್ಪೋರ್ಟ್ಸ್ ಕಾರು ತಂದ. ಎರಡೇ ಸೀಟು, ಮೇಲಿನ ಹೊದಿಕೆ ಮಡಚಬಹುದು, ನೆಲಕ್ಕೆ ಎಷ್ಟು ಹತ್ತಿರ ಎಂದರೆ ಒಳಗೆ ಕೂತವನು ಹಸೆಮಣೆ ಮೇಲೆ ಕೂತಂತೆ ಕಾಣುತ್ತಿದ್ದ. ಅವನಿಗಿಂತ ಕಾರಿಗೇ ವಯಸ್ಸು ಹೆಚ್ಚು. ಬ್ರೇಕು ಮಾತ್ರ ನೆಟ್ಟಗಿರಲಿಲ್ಲ. ಬೇರೆಯವರ ಕೈಗೆ ಕೊಡುವುದಿಲ್ಲ, ಹಿಂದೂಪುರದಲ್ಲಿ ಬ್ರೇಕ್ ಅಂದ್ರೆ ನೀನೇ ಕಣ್ ಮಾವ ಎಂದು ಹೇಳಿ ನಮ್ಮ ಮನೆಯ ಮುಂದಿನ ತಗಡಿನ ಚಪ್ಪರದಲ್ಲಿ ನಿಲ್ಲಿಸಿದ. ಆ ಮಾತು ಕೇಳಿ ನನಗೆ ಎರಡು ದಿನ ಮೊಣಕಾಲು ನೋವೇ ಇರಲಿಲ್ಲ.

ಮುಂದಿನ ಎರಡು ಚಕ್ರದ ಕ್ಯಾಲಿಪರ್ ಬಿಚ್ಚಿದೆ. ಡಿಸ್ಕನ್ನು ಎರಡು ಕಡೆಯಿಂದ ಹಿಡಿಯುವ ಕಬ್ಬಿಣದ ಮುಷ್ಟಿ ಅದು. ಎರಡನ್ನೂ ಒಂದೇ ಗೋಣಿಚೀಲದ ಮೇಲಿಟ್ಟು ತೊಳೆದು, ಹೊಸ ರಬ್ಬರು ಹಾಕಿ, ವಾಪಸ್ ಕೂಡಿಸಿದೆ. ಈ ಸಲ ಪೆಟ್ರೋಲ್ ಮುಟ್ಟಲಿಲ್ಲ. ಮಂಜುನಾಥನನ್ನು ಪೆಡಲ್ ಮೇಲೆ ಕೂರಿಸಿ ಗಾಳಿ ತೆಗೆದೆ. ಎರಡು ದಿನ ತೆಗೆದೆ. ಬಾಟಲಿಗಟ್ಟಲೆ ಆಯಿಲ್ ಹೋಯಿತು, ಟ್ಯೂಬಿನಲ್ಲಿ ಒಂದು ಗುಳ್ಳೆ ಕಾಣುವುದಿಲ್ಲ, ಪೆಡಲ್ ಮಾತ್ರ ಹಸಿ ಹಿಟ್ಟು ಒತ್ತಿದಂತೆ ಒಳಗೆ ಹೋಗುತ್ತದೆ.

ಮೂರನೆಯ ದಿನ ಮಂಜುನಾಥ ತಲೆ ಕೆರೆದುಕೊಂಡ. ‘ಮಾವ, ಬೇಜಾರ್ ಮಾಡ್ಕಬ್ಯಾಡ. ಕಲ್ಯಾಣದುರ್ಗದಾಗೆ ಓಬಳೇಶು ಅಂತ ಒಬ್ರವ್ರಂತೆ. ಬರೀ ಕೈಯಾಗೆ ಒತ್ತಿ ಹೇಳ್ಬುಡ್ತಾರಂತೆ. ಕರಸ್ಲಾ?’

ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಪಾರ್ವತಿ ಒಳಗಿನಿಂದ, ‘ಕರಸಪ್ಪ, ನಮ್ ಓಬಳೇಶೇ ಅಲ್ವಾ. ಎಷ್ಟ್ ದಿನ ಆಯ್ತು ಅವ್ನು ಬಂದು’ ಎಂದಳು. ಬೇಡ ಎನ್ನಲು ನನ್ನ ಹತ್ತಿರ ಕಾರಣ ಇತ್ತು, ಹೇಳುವಂಥದ್ದಾಗಿರಲಿಲ್ಲ.

ಮಾರನೆಯ ಬೆಳಗಿನ ಬಸ್ಸಿಗೇ ಓಬಳೇಶು ಬಂದಿಳಿದ. ತಲೆಯ ಕೂದಲು ಒಂದೂ ಉದುರಿಲ್ಲ, ಅದಕ್ಕೂ ಉರಿಯಿತು ನನಗೆ. ಪಾರ್ವತಿ ಅವನಿಗೆ ದೊಡ್ಡ ಲೋಟದಲ್ಲಿ ಕಾಫಿ ಕೊಟ್ಟಳು. ಆ ಲೋಟದಲ್ಲಿ ನನಗೆ ಕೊಟ್ಟು ವರ್ಷವಾಗಿರಬೇಕು. ಕಾಫಿ ಮುಗಿಸಿ, ಪಂಚೆ ಎತ್ತಿ ಕಟ್ಟಿ, ಚಕ್ರ ತೆಗೆದಿದ್ದ ಕಡೆ ಕುಕ್ಕರುಗಾಲಲ್ಲಿ ಕೂತು ಕ್ಯಾಲಿಪರ್ ನೋಡಿದ. ಪೆಡಲ್ ಮುಟ್ಟಲೂ ಇಲ್ಲ. ನೋಡಿ, ಒಂದು ಸಲ ನನ್ನ ಕಡೆ ತಿರುಗಿ, ‘ಮಂಜಣ್ಣ, ಬಜಾರ್‌ಗೋಗಿ ಒಂದು ಡಬ್ಬ ಆಯಿಲ್ ತಂದ್ಬುಡು’ ಎಂದು ಅವನನ್ನು ಕಳಿಸಿದ.

ಮಂಜುನಾಥ ಬೀದಿ ದಾಟಿದ ಮೇಲೆ ಓಬಳೇಶು ಮೆಲ್ಲಗೆ ಹೇಳಿದ, ‘ಎಡಗಡೇದು ಬಲಕ್ಕೆ ಹಾಕ್ಬುಟ್ಟಿದ್ದೀಯ ಕಣಣ್ಣ. ನಿಪ್ಪಲ್ ಕೆಳ್ಗೈತೆ. ಗಾಳಿ ಮೇಲ್ ನಿಂತೈತೆ. ವರ್ಸ ಪೂರ್ತಿ ಒತ್ತುದ್ರೂ ಬರಾಕಿಲ್ಲ.’

ನೋಡಿದೆ. ಹೌದು. ಎರಡೂ ಒಂದೇ ಥರ ಕಾಣುವ ಕ್ಯಾಲಿಪರ್, ಅದಲು ಬದಲಾದರೂ ಕೂತುಕೊಳ್ಳುತ್ತವೆ, ಗಾಳಿ ಹೊರಡುವ ತೂತು ಮಾತ್ರ ತಳಕ್ಕೆ ಹೋಗುತ್ತದೆ. ಗಾಳಿ ಮೇಲಕ್ಕೆ ಹೋಗುತ್ತದೆ ಎಂಬುದು ಯಾವ ಮಗುವಿಗೆ ಗೊತ್ತಿಲ್ಲ. ಬಸ್ಸಿನ ಡ್ರಮ್ ಬ್ರೇಕಿನಲ್ಲೇ ಜೀವ ಸವೆಸಿದವನು ನಾನು, ಡಿಸ್ಕಿನಲ್ಲಿ ಎಡವಿದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅವನೂ ಡ್ರಮ್ಮಿನವನೇ, ಅವನು ಎಡವಲಿಲ್ಲ.

ಮಂಜುನಾಥ ವಾಪಸ್ ಬರುವಷ್ಟರಲ್ಲಿ ಇಬ್ಬರೂ ಸೇರಿ ಬಿಚ್ಚಿ ಅದಲು ಬದಲು ಮಾಡಿದೆವು. ‘ಏನಾಗಿತ್ತು?’ ಎಂದು ಅವನು ಕೇಳಿದ್ದಕ್ಕೆ ಓಬಳೇಶು, ‘ಏನಿಲ್ಲ ಕಣಪ್ಪ. ಅಣ್ಣ ಎಲ್ಲಾ ಮಾಡಿಟ್ಟವ್ನೆ. ಒಂದ್ ಸಲ ಏರ್ ತಗುದ್ರೆ ಮುಗೀತು’ ಎಂದ. ಮಂಜುನಾಥ ನನ್ನ ಬೆನ್ನು ತಟ್ಟಿ, ಮಂಡಿಯಿಂದ ಫೋನು ಬಂತೆಂದು ಹೋದ. ಓಬಳೇಶು ನನ್ನ ಮಾನ ಉಳಿಸಿದ್ದ. ಕೃತಜ್ಞತೆ ಬರಬೇಕಿತ್ತು. ಬಂದದ್ದು ಹಳೆಯ ಉರಿಯೇ. ದೊಡ್ಡ ಮನಸ್ಸೂ ಅವನಿಗೇ ಇರಬೇಕೇ, ನನಗೆ ಅಂತ ಒಂದೂ ಬೇಡವೇ. ಅದರ ಜೊತೆಗೇ ಒಂದು ನೆಮ್ಮದಿಯೂ ಆಯಿತು. ಇಷ್ಟು ಮಾಡುವವನಿಗೆ ಆ ದಿನದ ವಿಷಯ ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದರೆ ಮಾಡುತ್ತಿದ್ದನೇ? ಇಷ್ಟು ವರ್ಷಕ್ಕೆ ಪ್ರಶ್ನೆ ಮುಗಿಯಿತು ಎಂದುಕೊಂಡೆ.

ಹೊಸ ಡಬ್ಬ ಒಡೆದು ಆಯಿಲ್ ತುಂಬಿದೆ. ಓಬಳೇಶು ಗೋಣಿಚೀಲ ಹಾಸಿಕೊಂಡು ಚಕ್ರದ ಪಕ್ಕ ಕೂತು, ಟ್ಯೂಬು ಹಾಕಿ, ಪಾನಾ ಹಿಡಿದ. ನಾನು ಕಾರಿನ ಬಾಗಿಲು ತೆರೆದು, ಸೊಂಟ ಹಿಡಿದುಕೊಂಡು ಒಳಗೆ ಇಳಿದು ಕೂತೆ. ಕಾಲು ಪೆಡಲ್ ಮೇಲಿಟ್ಟೆ.

‘ನೀನ್ ಬ್ಯಾಡ ಕಣಣ್ಣ’ ಎಂದ.

ನನಗೆ ಅರ್ಥವಾಗಲಿಲ್ಲ.

‘ನೀನ್ ಇಳಿ. ಅತ್ಗೆಮ್ಮನ್ನ ಕೂರ್ಸು.’

ಪಾರ್ವತಿ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ‘ಅಯ್ಯೋ, ನಂಗೇನ್ ಬತ್ತೈತೆ?’ ಎಂದು ನಕ್ಕಳು.

ನಾನು ಹೇಳಿದೆ, ‘ಯಾಕ್ಲಾ ಓಬಳೇಶು, ಅವಳಿಗೆ ಪೆಡ್ಲು ಯಾವ್ದು ಅಂತ ಗೊತ್ತಿಲ್ಲ. ನಂಗೆ ವಯಸ್ಸಾಯ್ತು ಅನ್ಕಂಡ್ಯಾ? ನನ್ ಕಾಲ್ ಗಟ್ಟಿ ಐತೆ. ಕಿವಿನೂ ಚೆನ್ನಾಗೇ ಕೇಳುಸ್ತೈತೆ.’

ಅವನು ತಲೆ ಎತ್ತಲಿಲ್ಲ. ಟ್ಯೂಬಿನ ತುದಿಯನ್ನು ಬಾಟಲಿಯೊಳಗೆ ಇಳಿಸುತ್ತಿದ್ದ. ದನಿಯಲ್ಲಿ ಕೋಪ ಇರಲಿಲ್ಲ.

‘ಗೊತ್ತು ಕಣಣ್ಣ. ಆವತ್ತೂ ಚೆನ್ನಾಗೇ ಕೇಳುಸ್ತಿತ್ತು.’

ನಾನು ಬಾಗಿಲು ಹಿಡಿದುಕೊಂಡು ಮೇಲೆದ್ದು ಹೊರಗೆ ಬಂದೆ. ಪಾರ್ವತಿ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತಳು. ‘ಯಾವತ್ತು?’ ಎಂದು ನನ್ನನ್ನು ಕೇಳಿದಳು. ನಾನು ಬಗ್ಗಿ ಆಯಿಲ್ ಡಬ್ಬ ಎತ್ತಿಕೊಂಡೆ.

ಓಬಳೇಶು ಅವಳಿಗೆ ಕನ್ನಡದಲ್ಲಿ ಹೇಳಿಕೊಟ್ಟ. ‘ಒತ್ತು ಅಂದ್ರೆ ಒತ್ತು ಅತ್ಗೆಮ್ಮ. ಹಿಡಿ ಅಂದ್ರೆ ಹಿಡ್ಕ. ನಾನ್ ಬಿಡು ಅನ್ನೋಗಂಟ ಮನೆ ಬಿದ್ರೂ ಬಿಡ್ಬ್ಯಾಡ.’ ಅವಳು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ತುಟಿ ಕಚ್ಚಿಕೊಂಡು, ಅವನು ಹಿಡಿ ಎಂದಾಗ ಹಿಡಿದಳು. ಹತ್ತು ನಿಮಿಷದಲ್ಲಿ ಎರಡೂ ಚಕ್ರ ಮುಗಿದವು. ಪೆಡಲ್ ಅರ್ಧಕ್ಕೆ ಬಂದು ನಿಂತಿತು. ‘ಭೇಷ್, ಇಂಥಾ ಕಾಲು ಸಿಕ್ಬೇಕು’ ಎಂದು ಅವನು ಅವಳನ್ನು ಹೊಗಳಿದ.

ನಾನು ಪಕ್ಕದಲ್ಲಿ ಆಯಿಲ್ ಡಬ್ಬ ಹಿಡಿದು ನಿಂತಿದ್ದೆ. ನಿಮ್ಮ ಮುಂದೆ ಯಾಕೆ ಸುಳ್ಳು ಹೇಳಲಿ, ಆ ಗಳಿಗೆಯಲ್ಲಿ ನನಗೆ ಹೊಟ್ಟೆ ಉರಿದದ್ದು ನನ್ನ ಹೆಂಡತಿಯ ಮೇಲೆ. ಅವನು ಕಣ್ಣು ಮುಚ್ಚಿಕೊಂಡು ಅವಳ ಕಾಲನ್ನು ನಂಬಿದ್ದ.